ನಮ್ಮನೆಯವರ ದಪ್ಪ ದನಿ

ನಮ್ಮನೆಯವರ ದನಿ ಸಣ್ಣದು. ಮೆಲ್ಲನೆಯದು ಎಂದಲ್ಲ, ತೆಳ್ಳಗೆ, ಎತ್ತರದಲ್ಲಿ, ಎಣ್ಣೆ ಕಾಣದ ಬಾಗಿಲಿನ ಹಾಗೆ. ಚಿಕ್ಕಂದಿನಲ್ಲಿ ಓರಗೆಯವರು ಅವರನ್ನು ಪೀಪಿ ಎಂದೇ ಕರೆಯುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ ನನಗೂ ಕಿವಿಗೆ ಚುಚ್ಚುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ದನಿಯಿಲ್ಲದೆ ಮನೆ ಮನೆಯೆನ್ನಿಸುತ್ತಿರಲಿಲ್ಲ. ನಗುವಾಗಲಂತೂ ಅದು ಇನ್ನೂ ಮೇಲೇರಿ ಸಿಳ್ಳೆಯಾಗುತ್ತಿತ್ತು. ಅದನ್ನು ಕೇಳಿ ನಾನು ನಗುತ್ತಿದ್ದೆ, ನಾನು ನಕ್ಕಿದ್ದಕ್ಕೆ ಅವರು ಮತ್ತೆ ನಗುತ್ತಿದ್ದರು.

ಅವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಅದು ಮುಚ್ಚಿತು. ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ತಮ್ಮ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ. ಸ್ಟುಡಿಯೋ ಎಂಬುದು ದೊಡ್ಡ ಮಾತು. ಕಿಟಕಿಗೆ ಹಲಗೆ ಬಡಿದು, ಗೋಡೆಗೆಲ್ಲ ನನ್ನವೇ ಹಳೆಯ ರಜಾಯಿ ಹೊದಿಸಿದ ಗೂಡು. ಸದ್ದು ಬರುತ್ತದೆಂದು ಫ್ಯಾನೂ ಹಾಕುವಂತಿಲ್ಲ. "ಭಾವ, ಸುಮ್ನೆ ಕೂರೋ ಬದಲು ಬಂದು ಪುಸ್ತಕ ಓದಿ. ಈಗ ಜನ ಪುಸ್ತಕ ಕೇಳ್ತಾರೆ" ಎಂದು ತಮ್ಮನೇ ಎಳೆದುಕೊಂಡು ಹೋದ. ಒಂದಕ್ಷರ ತಪ್ಪದೆ ಓದುವುದರಲ್ಲಿ ಇವರನ್ನು ಮೀರಿಸುವವರಿರಲಿಲ್ಲ.

ತಮ್ಮನಿಗೊಂದು ಹುಚ್ಚು, ಸ್ಯಾಂಪಲ್ ರೇಟ್. ಊಟಕ್ಕೆ ಕೂತರೂ ಅದೇ ಪುರಾಣ. ಕಂಪ್ಯೂಟರು ಸದ್ದನ್ನು ಇಡಿಯಾಗಿ ಹಿಡಿಯುವುದಿಲ್ಲವಂತೆ, ಸೆಕೆಂಡಿಗೆ ಇಷ್ಟು ಸಾವಿರ ಸಲ ಎಂದು ಅಳೆದು ಅಳೆದು ಬರೆದಿಡುತ್ತದಂತೆ. "ಹಾಡಿಗೆ, ಪುಸ್ತಕಕ್ಕೆ ನಲವತ್ತನಾಲ್ಕು ಸಾವಿರದ ನೂರು ಸಾಕು ಅಕ್ಕಾ. ವಿಡಿಯೋ ಆದ್ರೆ ನಲವತ್ತೆಂಟು ಸಾವಿರ. ತೊಂಬತ್ತಾರು ಬೇಕು ಅಂತ ಕುಣೀತಾರಲ್ಲ, ಅವರ ಮನೇಲಿ ಕೇಳೋರು ಬಾವಲಿಗಳಾ?"

ಇಷ್ಟು ಪಾಠ ಹೇಳುವವನೇ ಎಡವಿದ. ಯಾವುದೋ ವಿಡಿಯೋ ಕೆಲಸಕ್ಕೆ ಹೋಗಿ ಬಂದ ರೆಕಾರ್ಡರು ನಲವತ್ತೆಂಟರಲ್ಲೇ ಉಳಿದಿತ್ತು. ಇವರು ಮೊದಲ ಪುಸ್ತಕ ಓದಿದ್ದು ಅದರಲ್ಲಿ. ಅದನ್ನು ಕಂಪ್ಯೂಟರಿಗೆ ಹಾಕುವಾಗ "ರೇಟ್ ಬದಲಿಸಲೇ?" ಎಂದು ಅದು ಕೇಳಿತಂತೆ, ಇವನು ಫೋನಿನಲ್ಲಿ ಹರಟುತ್ತ "ಬೇಡ" ಒತ್ತಿದ. ಬಟ್ಟೆಯನ್ನು ಒಂದು ಟೇಪಿನಲ್ಲಿ ಅಳೆದು ಇನ್ನೊಂದು ಟೇಪಿನಲ್ಲಿ ಕತ್ತರಿಸಿದ ಹಾಗಾಯಿತು. ನಲವತ್ತೆಂಟರಲ್ಲಿ ಅಳೆದದ್ದನ್ನು ಯಂತ್ರ ನಲವತ್ತನಾಲ್ಕರ ಲೆಕ್ಕದಲ್ಲಿ ನುಡಿಸಿತು. ಮಾತು ಎಳೆದುಕೊಂಡಿತು, ದನಿ ಇಳಿದು ದಪ್ಪಗಾಯಿತು.

ಅದನ್ನು ಸರಿಯಾಗಿ ಕೇಳದೆ ಆ ಪುಸ್ತಕದ ಪ್ರಕಾಶಕಿಗೆ ಕಳಿಸಿಬಿಟ್ಟ. ಆಕೆ ಕುಣಿದಾಡಿದರು. "ಏನ್ ಗಾಂಭೀರ್ಯ ರೀ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇವರನ್ನ?" ತಮ್ಮನಿಗೆ ಆಗ ತಪ್ಪು ಹೊಳೆದು, ಸರಿಮಾಡಿ ಇನ್ನೊಮ್ಮೆ ಕಳಿಸಿದ. "ಇದ್ಯಾರು? ನಂಗೆ ಮೊದಲಿನವರೇ ಬೇಕು" ಎಂದುಬಿಟ್ಟರು ಆಕೆ. ಭಾವ, ಭಾವಮೈದುನ ಇಬ್ಬರೂ ಮುಖ ಮುಖ ನೋಡಿಕೊಂಡು ಬಾಯಿಗೆ ಬೀಗ ಹಾಕಿಕೊಂಡರು.

ಅಲ್ಲಿಂದ ಮುಂದೆ ಬೇಕೆಂದೇ ಅದೇ ತಪ್ಪು. ನುಡಿಸುವಾಗ ನಿಧಾನವಾಗುತ್ತದೆಂದು ಇವರು ಗೂಡಿನೊಳಗೆ ಬೆವರು ಸುರಿಸುತ್ತ ಗಡಿಬಿಡಿಯಲ್ಲಿ ಓದಬೇಕು. ಪುಸ್ತಕದ ಮೇಲೆ ಪುಸ್ತಕ ಬಂತು. ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕವಳೇ. ಕೇಳುಗರ ಸಭೆಯಲ್ಲಿ ಎದುರೇ ನಿಂತು ಓದಬೇಕು ಎಂದು ಪ್ರಕಾಶಕಿಯ ಕರೆ ಬಂದಾಗ ನಗು ನಿಂತಿತು.

"ಹುಷಾರಿಲ್ಲ ಅಂತ ಹೇಳಿ" ಎಂದೆ.

"ಎಷ್ಟು ಸಲ ಹೇಳೋದು? ಒಂದಲ್ಲ ಒಂದು ದಿನ ಗೊತ್ತಾಗತ್ತೆ. ಆಮೇಲೆ ಯಾರು ಓದಿಸ್ತಾರೆ ನನ್ನ ಕೈಲಿ?"

ಓದಿದರೆ ಗುಟ್ಟು ಬಯಲು, ಓದದಿದ್ದರೆ ಕೆಲಸ ಹೋಯಿತು. ಅಡಕತ್ತರಿಯಲ್ಲಿ ಸಿಕ್ಕಿಕೊಂಡರು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು, ಗದ್ದವನ್ನು ಎದೆಗೊತ್ತಿ, ಹೊಟ್ಟೆಯಿಂದ ದನಿ ಎಳೆದು ಎಳೆದು ಪಳಗಿಸಿದರು. ಸಭೆಯಲ್ಲಿ ಓದಿಯೂ ಬಂದರು. ಚಪ್ಪಾಳೆ ಬಿತ್ತು. ಪಾರಾದೆವು ಎಂದುಕೊಂಡೆ. ನನ್ನ ತಲೆ.

ಅಂಗಡಿಯವನು, ಕ್ಷೌರದವನು, ಪಕ್ಕದ ಮನೆಯವರು, ಎಲ್ಲರೂ ಈಗ ಅವರ ಕೇಳುಗರು. ಹೊಸ್ತಿಲು ದಾಟಿದರೆ ದಪ್ಪ ದನಿ ಬೇಕೇ ಬೇಕು. ಒಮ್ಮೆ ಸಡಿಲಬಿಟ್ಟರೆ ಮತ್ತೆ ಬಾರದೆಂದು ಹೆದರಿ ಮನೆಯೊಳಗೂ ಅದನ್ನೇ ಹಿಡಿದರು. ಬಾಗಿಲಿಗೆ ಕಾಲ್ಬೆರಳು ಎಡವಿದರೂ "ಅಮ್ಮಾ" ಎಂದು ಗಂಭೀರವಾಗಿ ನರಳುವ ಗಂಡಸನ್ನು ನೀವು ಕಂಡಿದ್ದೀರಾ? ಅತ್ತೆ ಫೋನ್ ಮಾಡಿದಾಗ ಇವರೇ ಎತ್ತಿದರು. "ನೀನು ಯಾರಪ್ಪಾ? ನನ್ನ ಮಗನಿಗೆ ಕೊಡು" ಎಂದರು ಅವರು. ಇವರು ಫೋನನ್ನು ನನ್ನ ಕೈಗೆ ಕೊಟ್ಟರು. ನಗುವುದನ್ನು ಮಾತ್ರ ದಪ್ಪಗೆ ಮಾಡಲಾಗಲಿಲ್ಲ, ಹಾಗಾಗಿ ನಗುವುದನ್ನೇ ಬಿಟ್ಟರು. ನನಗೆ ಉರಿದುಹೋಯಿತು. ನಾನು ಕಟ್ಟಿಕೊಂಡದ್ದು ಪೀಪಿಯನ್ನು, ಈ ಗಂಭೀರ ಮನುಷ್ಯನನ್ನಲ್ಲ.

ಕೊನೆಗೆ ಗಂಟಲು ಕೈಕೊಟ್ಟಿತು. ಒಳಗೆ ಗಂಟುಗಳೆದ್ದಿವೆ, ಎಳೆದು ಮಾತಾಡಿದ್ದೇ ಕಾರಣ, ಕೆಲವು ವಾರ ತುಟಿ ಬಿಚ್ಚಕೂಡದು ಎಂದರು ಡಾಕ್ಟರು. ಮೊದಲಿನ ದನಿ ಬರುತ್ತದೆಯೇ ಎಂದು ನಾನು ಕೇಳಿದೆ. "ನೋಡೋಣ" ಎಂದರು.

ಅಲ್ಲಿಂದ ನೇರ ಅಂಗಡಿಗೆ ಬಂದವಳೇ ಇವರ ಕೈ ಹಿಡಿದು ಹಿಂದಿನ ಕೋಣೆಗೆ ನುಗ್ಗಿದೆ. "ನಿನ್ನ ಭಾವ ಮೊದಲು ಓದಿದ್ದೆಲ್ಲ ನಲವತ್ತೆಂಟರಲ್ಲೇ ಇದೆಯಲ್ಲ, ನಲವತ್ತೆಂಟರಲ್ಲೇ ಹಾಕೋ" ಎಂದೆ ತಮ್ಮನಿಗೆ.

ಹಾಕಿದ. ಬಂತು ಆ ದನಿ! ತೆಳ್ಳಗೆ, ಚುರುಕಾಗಿ, ಸಾಲಿನಿಂದ ಸಾಲಿಗೆ ನೆಗೆಯುತ್ತ. ನಡುವೆ ಎಲ್ಲೋ ನಾಲಿಗೆ ತೊಡರಿ ಅವರು ನಕ್ಕದ್ದೂ ಅದರಲ್ಲಿತ್ತು, ಆ ಸಿಳ್ಳೆ ನಗು. ನಾನು ಅಳು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಇಲ್ಲೇ ಇದ್ದಾರೆ, ಎಲ್ಲೂ ಹೋಗಿಲ್ಲ ಎಂದು ಇವರ ಮುಖ ನೋಡಿದೆ.

ಇವರು ಹುಬ್ಬು ಗಂಟಿಕ್ಕಿಕೊಂಡು ಕೇಳುತ್ತಿದ್ದರು. ಮಾತಾಡಬೇಡಿ ಎಂದಿದ್ದರೂ ತಮ್ಮನ ಭುಜ ಮುಟ್ಟಿ ಪಿಸುಗುಟ್ಟಿದರು.

"ರೇಟ್ ತಪ್ಪಾಗಿದೆ ಕಣೋ. ಸರಿಮಾಡು."

ತಮ್ಮ ನನ್ನ ಕಡೆ ತಿರುಗಿದ. ಅವನು ನಲವತ್ತನಾಲ್ಕಕ್ಕೆ ಇಳಿಸಿದ. ಆ ಗಂಭೀರ ಮನುಷ್ಯ ನಿಧಾನವಾಗಿ ಓದತೊಡಗಿದ. ನಮ್ಮನೆಯವರು ಕಣ್ಣು ಮುಚ್ಚಿ, ಈಗ ಸರಿಯಾಯಿತು ಎಂಬಂತೆ ತಲೆದೂಗಿದರು.