ಜೋರಿದ್ದವರ ಜೋಡಿ

ಆಮೇಲೆ ನೀವೇ ಹುಡುಕಿ ತೆಗೆದು ನನ್ನ ಮುಖಕ್ಕೆ ಹಿಡಿಯುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ. ಎಂ.ಎ. ಓದುತ್ತಿರುವ, ಪಂಚಾಂಗದಿಂದ ಹಿಡಿದು ಹವಾಮಾನ ವರದಿಯವರೆಗೆ ಯಾವುದನ್ನೂ ಸಾಕ್ಷಿಯಿಲ್ಲದೆ ನಂಬದ ನಾನು, ಮೊಬೈಲಿನೊಳಗಿನ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವ ಆಟ ಆಡುತ್ತೇನೆ. ಹೊತ್ತು ಹೋಗಲಿ ಎಂದು ಆಡುವವಳು ನಾನಲ್ಲ. ಗೆಲ್ಲಬೇಕು ಎಂದೇ ಆಡುತ್ತೇನೆ, ಸೋತರೆ ಊಟ ಸೇರುವುದಿಲ್ಲ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಅದರೊಳಗೆ ನೂರಾರು ವಿಚಿತ್ರ ಪ್ರಾಣಿಗಳಿವೆ: ಬೆಂಕಿ ಉಗುಳುವವು, ನೀರು ಚಿಮ್ಮಿಸುವವು, ಕಲ್ಲಿನ ಮೈಯವು. ಒಂದೊಂದಕ್ಕೂ ಹೊಡೆತಕ್ಕೆ ಇಷ್ಟು, ಓಟಕ್ಕೆ ಇಷ್ಟು, ತಾಳಿಕೆಗೆ ಇಷ್ಟು ಎಂದು ಅಂಕಗಳಿರುತ್ತವೆ. ನಮಗೆ ಬೇಕಾದವನ್ನು ಆರಿಸಿ, ಸಾಕಿ, ಹೆಸರಿಟ್ಟು ಕಣಕ್ಕಿಳಿಸಬೇಕು. ನಾನು ಆಡುವುದು ಜೋಡಿ ಆಟ. ಒಂದು ಪಕ್ಷಕ್ಕೆ ಇಬ್ಬರು ಆಟಗಾರರು, ತಲಾ ಮೂರು ಪ್ರಾಣಿ. ಕಣದಲ್ಲಿ ನನ್ನದೊಂದು, ನನ್ನ ಜೊತೆಗಾತಿಯದೊಂದು ಅಕ್ಕಪಕ್ಕ ನಿಂತಿರುತ್ತವೆ, ಎದುರಿಗೆ ಅವರವೆರಡು. ಒಂದು ಬಿದ್ದರೆ ಇನ್ನೊಂದು ಬರುತ್ತದೆ. ಮೂರೂ ಮೂರೂ ಆರು ಮುಗಿದವರು ಸೋತರು. ಇಷ್ಟೇ.

ನನ್ನ ಜೊತೆಗಾತಿ ಶಿಲ್ಪಾ. ನಾಗಾವಿಯ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ಹೊಳೆದಂಡೆಯ ಹಮ್ಮಿಗಿಯವಳು. ದಿನಕ್ಕೆ ಅವಳು ಆಡುವ ಮಾತನ್ನು ನಾನು ಹಲ್ಲುಜ್ಜುವಾಗಲೇ ಆಡಿ ಮುಗಿಸಿರುತ್ತೇನೆ. ಈ ಬರಹ ಪ್ರಾಣಿಗಳ ಬಗ್ಗೆ ಎಂದು ತೋರಿದರೂ, ಶಿಲ್ಪಾ ನನ್ನ ಜೋಡಿಯಾಗಿ ಉಳಿಯುತ್ತಾಳೋ ಇಲ್ಲವೋ ಎಂಬುದೇ ಇದರ ತಿರುಳು.

ಮೊದಲು ‘ಜೋರು’ ಎಂಬ ಪದದ ವಿಚಾರ. ನಮ್ಮ ಕಡೆ ಈ ಪದ ಮಾಡದ ಕೆಲಸವಿಲ್ಲ. ಮಳೆ ಜೋರು, ಜ್ವರ ಜೋರು, ವ್ಯಾಪಾರ ಜೋರು. ಶಿರಹಟ್ಟಿಯಲ್ಲಿ ನಮ್ಮ ಅವ್ವ ಬೀಗರ ಮುಂದೆ ನನ್ನನ್ನು ಪರಿಚಯಿಸುವುದೂ ಇದೇ ಪದದಿಂದ: “ಅಭ್ಯಾಸದಾಗೂ ಜೋರರಿ, ಬಾಯೀನೂ ಜೋರರಿ.” ಮೊದಲ ಜೋರಿಗೆ ಬೀಗರು ತಲೆಯಾಡಿಸುತ್ತಾರೆ, ಎರಡನೆಯದಕ್ಕೆ ಚಹಾದ ಕಪ್ಪು ಕೆಳಗಿಡುತ್ತಾರೆ. ಒಂದೇ ಪದ, ಒಮ್ಮೆ ಹೊಗಳಿಕೆ, ಒಮ್ಮೆ ಎಚ್ಚರಿಕೆ. ತರ್ಕ ಓದಿದವಳಾಗಿ ನಾನು ಇದನ್ನು ಪ್ರತಿಭಟಿಸಿದ್ದೇನೆ. ಎರಡೂ ಕಡೆ ಜೋರಿನ ಅರ್ಥ ಒಂದೇ ಇರಬೇಕು, ಇಲ್ಲವೇ ಪದ ಬೇರೆಯಾಗಬೇಕು ಎಂದೆ. “ನೋಡ್ರಿ, ಇದಕ್ಕ ಅಂದೆ” ಎಂದಳು ಅವ್ವ, ಬೀಗರಿಗೆ.

ಇಂಥವಳು ಪ್ರಾಣಿಗಳನ್ನು ಹೇಗೆ ಆರಿಸಿಯಾಳು? ಪಟ್ಟಿ ತೆರೆದೆ, ಹೊಡೆತದ ಅಂಕದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿದೆ, ಮೇಲಿನ ಮೂರನ್ನು ಎತ್ತಿಕೊಂಡೆ. ಐದು ನಿಮಿಷದ ಕೆಲಸ. ಚರ್ಚಾಸ್ಪರ್ಧೆಗಳ ಹಳೆಯ ಚಟದಿಂದ ಖಂಡನೆ, ವಿಡಂಬನೆ, ಉಪಸಂಹಾರ ಎಂದು ಹೆಸರಿಟ್ಟೆ. ಖಂಡನೆ ನನ್ನ ಮುದ್ದಿನದು: ಕಪ್ಪು ಬಂಡೆಯ ಮೈ, ಎಮ್ಮೆಯ ಕೋಡು, ಕಾಲು ಅಪ್ಪಳಿಸಿದರೆ ಭೂಕಂಪ. ಎದುರಿನ ಎರಡೂ ಒಂದೇ ಏಟಿಗೆ ನೆಲ ಹಿಡಿಯುತ್ತವೆ.

ಶಿಲ್ಪಾ ಮೂರು ದಿನ ತೆಗೆದುಕೊಂಡಳು. ಕೊನೆಗೆ ಹೊರಗೆ ತಂದ ಮೊದಲ ಪ್ರಾಣಿ ಗುಬ್ಬಿಯಷ್ಟಿತ್ತು, ಕೆಸರಿನ ಬಣ್ಣ, ಗಿಡ್ಡ ರೆಕ್ಕೆ, ಬೊಜ್ಜು ಹೊಟ್ಟೆ. ಹೆಸರು ಸೇಂಗಾ. ಅದರ ಹೊಡೆತದ ಅಂಕ ನೋಡಿ ನಾನು ನಕ್ಕಿದ್ದು ಪಕ್ಕದ ಕೋಣೆಗೆ ಕೇಳಿತಂತೆ. ಅದು ಮಾಡುವುದು ಒಂದೇ ಕೆಲಸ, ಎದುರಿನವರ ಕಾಲಿಗೆ ರಾಡಿ ಎರಚಿ ಅವರ ಓಟ ಕಡಿಮೆ ಮಾಡುವುದು.

“ಇದೇನ್ಲೇ, ಇದರ ಕೈಲೆ ಯಾರನ್ನ ಹೊಡಸ್ತಿ?”

“ಹೊಡ್ಯಾಕ ನೀ ಅದೀಯಲ್ಲ” ಎಂದಳು.

ಆಡತೊಡಗಿದ ಮೇಲೆ ಗೊತ್ತಾದದ್ದೆಂದರೆ, ಜೋರು ಹೊಡೆಯುವ ಪ್ರಾಣಿಗಳು ಸಾಮಾನ್ಯವಾಗಿ ನಿಧಾನ. ಈ ಆಟದಲ್ಲಿ ಓಟ ಹೆಚ್ಚಿದ್ದವರದು ಮೊದಲ ಪಾಳಿ. ಖಂಡನೆ ಕಾಲು ಎತ್ತುವಷ್ಟರಲ್ಲಿ ಎದುರಿನವರು ಹೊಡೆದು, ಬಳಲಿ, ಬೇಕಾದರೆ ನೀರು ಕುಡಿದು ಬರಬಹುದು. ಇಂಥವರನ್ನು ನೀವು ನೋಡಿರುತ್ತೀರಿ. ಪ್ರತಿ ಊರಿನ ಸಭೆಯಲ್ಲೂ ಒಬ್ಬ ಹಿರಿಯರಿರುತ್ತಾರೆ, ಅವರ ಬಳಿಯೇ ಎಲ್ಲರಿಗಿಂತ ಬಲವಾದ ಮಾತಿರುತ್ತದೆ, ಆದರೆ ಅವರ ಕೈಗೆ ಮೈಕು ಬರುವಾಗ ಮಂದಿ ಊಟಕ್ಕೆ ಕೈ ತೊಳೆಯುತ್ತಿರುತ್ತಾರೆ. ಸೇಂಗಾ ರಾಡಿ ಎರಚಿದಾಗ ಮಾತ್ರ ಖಂಡನೆಗೆ ಪಾಳಿ ಸಿಗುತ್ತಿತ್ತು. ಇದನ್ನು ನಾನು ಗಮನಿಸಿದೆ. ಗಮನಿಸಿದ್ದನ್ನು ಒಪ್ಪಿಕೊಳ್ಳಬೇಕೆಂಬ ನಿಯಮವೇನೂ ಚರ್ಚೆಯಲ್ಲಿಲ್ಲವಲ್ಲ!

ಒಂದು ರವಿವಾರ ಮುಂಡರಗಿ ಬಸ್ಸು ಹಿಡಿದು ಶಿಲ್ಪಾಳ ಮನೆಗೆ ಹೋದೆವು. ಊಟವಾದ ಮೇಲೆ ಕಟ್ಟೆಯ ಮೇಲೆ ಆಡುತ್ತ ಕುಳಿತಾಗ ಅವಳ ಅಪ್ಪ ಬಂದು ಇಣುಕಿದರು. ಸುತ್ತಲಿನ ಊರವರು ಎತ್ತು ಕೊಳ್ಳುವಾಗ ಅವರನ್ನು ಕರೆದುಕೊಂಡು ಹೋಗುತ್ತಾರೆ. ಹಲ್ಲು ಎಣಿಸಿ, ಮೈಮೇಲಿನ ಸುಳಿ ನೋಡಿ ಹೇಳುವುದರಲ್ಲಿ ಅವರ ಮಾತಿಗೆ ಎರಡನೆಯ ಮಾತಿಲ್ಲ. ಖಂಡನೆಯನ್ನು ತೋರಿಸಿದೆ.

“ಎಷ್ಟ ಹಲ್ಲಿಂದು?” ಎಂದರು.

“ಕಾಕಾ, ಇದು ಚಿತ್ರ. ಹಲ್ಲಿನ ಲೆಕ್ಕ ಇರೂದಿಲ್ಲ.”

“ಹಲ್ಲ ಇಲ್ಲದ್ದನ್ನ ಯಾಕ ತಗೊಂಡಿ?” ಎಂದು ಕನ್ನಡಕ ಏರಿಸಿ, ಖಂಡನೆಯ ಹೆಗಲ ಮೇಲಿನ ಗೀರನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, “ಸುಳಿ ಛಲೋ ಐತಿ. ಧಣಿಗೆ ಕೇಡಿಲ್ಲ” ಎಂದು ಪಾಸು ಮಾಡಿದರು.

ನನಗೆ ಸುಮ್ಮನಿರಲಾಗಲಿಲ್ಲ. ಕೂದಲು ಎತ್ತ ತಿರುಗಿದೆ ಎಂಬುದರಿಂದ ಎತ್ತಿನ ಸ್ವಭಾವ ಹೇಳುವುದು ಹೇಗೆ ಅತಾರ್ಕಿಕ ಎಂದು, ಅವರು ನನ್ನ ಪ್ರಾಣಿಯನ್ನು ಹೊಗಳಿದ್ದನ್ನೂ ಮರೆತು, ಅವರದೇ ಕಟ್ಟೆಯ ಮೇಲೆ ಕುಳಿತು, ಅವರ ಮನೆಯ ಸೇಂಗಾ ಹೋಳಿಗೆ ತಿಂದ ಬಾಯಿಂದ ಖಂಡಿಸಿದೆ. ಅವರು ಕೊನೆಯವರೆಗೂ ಕೇಳಿ, “ಆತು ತಂಗಿ. ಇದರ ಜೋಡಿ ಯಾವುದು?” ಎಂದರು.

“ಇದಕ್ಕ ಜೋಡಿ ಬೇಕಾಗಿಲ್ಲರಿ ಕಾಕಾ. ಒಂದ ಸಾಕು.”

ಒಂದೇ ಕಾಲಿನ ಚಪ್ಪಲಿ ಕೊಂಡುಬಂದವರನ್ನು ನೋಡುವಂತೆ ನೋಡಿ, ಅವರು ಒಳಗೆ ಹೋದರು.

ಮರಳಿ ಬರುವಾಗ ಬಸ್ಸಿನಲ್ಲಿ ಶಿಲ್ಪಾ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: “ಭೂಕಂಪ ಮಾಡಿದಾಗೊಮ್ಮೆ ನಿನ್ನ ಖಂಡನಾ ನನ್ನ ಸೇಂಗಾನ್ನೂ ಹೊಡೀತೈತಿ. ನೋಡೀಯೇನು?”

ನೋಡಿದ್ದೆ. ಕಣದಲ್ಲಿ ಇರುವ ಎಲ್ಲರಿಗೂ ತಾಗುವುದೇ ಭೂಕಂಪದ ಗುಣ. ನೆಲಕ್ಕೆ ನಮ್ಮವರು, ಅವರವರು ಎಂಬುದಿಲ್ಲ. ಎರಡು ಕೆಡವಲು ಒಂದನ್ನು ಕಳೆದುಕೊಂಡರೆ ನಷ್ಟವೇನು ಎಂದು ಕೇಳಿದೆ.

“ಈ ಬರೂ ಬೆಟಗೇರಿ ಆಟದ ಸ್ಪರ್ಧಾ ಒಂದು ನಿನ್ನ ಜೋಡಿ ಆಡ್ತೀನಿ. ಅಲ್ಲೂ ಹಿಂಗ ಮಾಡಿದಿ ಅಂದ್ರ ನಾ ಬ್ಯಾರೇದವರನ್ನ ನೋಡ್ಕೋತೀನಿ” ಎಂದಳು. ಸಿಟ್ಟಿರಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗಿತ್ತು. ಸಿಟ್ಟಿದ್ದರೆ ನನಗೆ ಉತ್ತರ ಕೊಡಲು ಬರುತ್ತದೆ.

ಇಲ್ಲಿ ನನ್ನ ಪರವಾಗಿ ಒಂದು ವಾದವಿದೆ, ದಾಖಲಿಸಿಬಿಡುತ್ತೇನೆ. ತಪ್ಪು ನನ್ನದಲ್ಲ, ಚರ್ಚಾಸ್ಪರ್ಧೆಗಳದು. ನಮ್ಮ ಕಡೆಯ ಅಂತರ್ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಒಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ತಂಡಕ್ಕೆ ಪಾರಿತೋಷಕ. ಈ ವ್ಯವಸ್ಥೆಯ ಸೊಗಸನ್ನು ಸ್ವಲ್ಪ ಯೋಚಿಸಿ. ಬೆಳಗಿನ ಬಸ್ಸಿನಲ್ಲಿ ಒಂದೇ ಡಬ್ಬಿಯ ಚಪಾತಿ ತಿಂದ ಇಬ್ಬರು ವೇದಿಕೆಯೇರಿ ಪರಸ್ಪರರನ್ನು ಕತ್ತರಿಸಬೇಕು, ಕತ್ತರಿಸಿ ಇಬ್ಬರೂ ಸೇರಿ ಗೆಲ್ಲಬೇಕು! ಎಂಟನೆಯ ಇಯತ್ತೆಯಿಂದ ಹೀಗೆ ತಯಾರಾದ ಹುಡುಗಿಗೆ ‘ಜೊತೆಗಾರ’ ಎಂದರೆ ಅತ್ಯಂತ ಹತ್ತಿರದಲ್ಲಿ ಸಿಗುವ ಎದುರಾಳಿ.

ಪದವಿಯ ಕೊನೆಯ ವರ್ಷ ಲಕ್ಷ್ಮೇಶ್ವರದಲ್ಲಿ ಒಂದು ಸ್ಪರ್ಧೆ. ಪರವಾಗಿ ನನ್ನ ಗೆಳತಿ ವಿಜಯಾ, ವಿರೋಧವಾಗಿ ನಾನು. ಹಿಂದಿನ ದಿನ ಅವಳ ಮಾತನ್ನು ನಾನೇ ಕೂತು ತಿದ್ದಿಕೊಟ್ಟಿದ್ದೆ. ಹಾಗಾಗಿ ಅದರ ಸಡಿಲು ಎಲ್ಲೆಲ್ಲಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವೇದಿಕೆಯ ಮೇಲೆ ಒಂದೊಂದೇ ಸಡಿಲು ಹಿಡಿದು ಎಳೆದೆ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಪ್ರತ್ಯುತ್ತರಕ್ಕೆ ಕರೆದಾಗ ವಿಜಯಾಳಿಗೆ ಮಾತೇ ಹೊರಡಲಿಲ್ಲ. ನನಗೆ ಪ್ರಥಮ ಬಹುಮಾನ ಬಂತು. ತಂಡದ ಪಾರಿತೋಷಕ ಬೇರೆಯವರಿಗೆ ಹೋಯಿತು, ನಮ್ಮ ಇಬ್ಬರ ಅಂಕ ಕೂಡಿಸಿದರೆ ಸಾಲಲಿಲ್ಲ. ಬರುವಾಗ ವಿಜಯಾ ತನ್ನ ಟಿಪ್ಪಣಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಮಡಚಿ, ಮಡಚಲು ಬಾರದಷ್ಟು ಸಣ್ಣದಾದ ಮೇಲೂ ಒತ್ತುತ್ತಲೇ ಇದ್ದಳು. ನಾನು ಇಡೀ ದಾರಿ ತೀರ್ಪುಗಾರರ ತಪ್ಪುಗಳನ್ನು ವಿವರಿಸಿದೆ.

ಬೆಟಗೇರಿಯ ಜೋಡಿ ಆಟದ ಸ್ಪರ್ಧೆ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ, ಜೋಡಿಗಳೆಲ್ಲ ಅದರ ಕೆಳಗಿಂದಲೇ ಬಂದು ಹೆಸರು ಬರೆಸಬೇಕಾಯಿತು. ಮೊದಲೆರಡು ಸುತ್ತು ಸುಲಭವಾಗಿ ಗೆದ್ದೆವು. ಮೂರನೆಯದರಲ್ಲಿ ಎದುರಾದವರು ಬಳೆ ಅಂಗಡಿಯ ಅಣ್ಣತಮ್ಮಂದಿರು. ಮೂರರಲ್ಲಿ ಎರಡು ಆಟ ಗೆದ್ದವರಿಗೆ ಹುಬ್ಬಳ್ಳಿಯ ಸುತ್ತಿಗೆ ಪ್ರವೇಶ. ಆ ಅಣ್ಣತಮ್ಮಂದಿರು ನಮ್ಮ ಕಡೆ ನೋಡಲೂ ಇಲ್ಲ; ತಮ್ಮೊಳಗೇ “ತಡಿ”, “ಹೂಂ”, “ಈಗ” ಎಂದು ಗುಣುಗುಣು ನಡೆಸಿದ್ದರು.

ಮೊದಲ ಆಟ. ಸೇಂಗಾ ರಾಡಿ ಎರಚಿತು. ಅವರ ಎರಡೂ ಪ್ರಾಣಿ ಕಾಲು ಕೀಳಲಾರದೆ ನಿಂತವು. ನಾನು ಭೂಕಂಪ ಒತ್ತಿದೆ. ಎರಡೂ ಬಿದ್ದವು, ಸೇಂಗಾನೂ ಬಿತ್ತು. ಹಿಂದಿನ ಕುರ್ಚಿಗಳಿಂದ ಸೀಟಿ ಬಂತು. ಸೀಟಿಯ ಮಟ್ಟಿಗೆ ಅದು ನನ್ನ ಕೊನೆಯ ಯಶಸ್ಸು. ರಾಡಿ ಎರಚುವವರಿಲ್ಲದ ಮೇಲೆ ಅವರ ಓಟದ ಪ್ರಾಣಿಗಳು ಬಂದು ಖಂಡನೆ, ವಿಡಂಬನೆ, ಉಪಸಂಹಾರ ಮೂರನ್ನೂ ಬಾಯಿ ತೆರೆಯಲು ಬಿಡದೆ ಮಲಗಿಸಿದವು. ಶಿಲ್ಪಾಳ ಉಳಿದೆರಡು ಎಷ್ಟು ಹೊತ್ತು ತಡೆದಾವು? ಸೋತೆವು.

“ಆದ್ರೂ ಭೂಕಂಪ ಬರೋಬರಿ ಇತ್ತು” ಎಂದೆ ನಾನು. “ಅವರ ಎರಡು ಹ್ವಾದವು, ನಮ್ದು ಒಂದು.”

“ಆ ಒಂದು ನಂದು” ಎಂದಳು ಶಿಲ್ಪಾ.

ಇದಕ್ಕೆ ನನ್ನ ಬಳಿ ಮೂರು ಉತ್ತರಗಳಿದ್ದವು, ಮೂರೂ ಒಳ್ಳೆಯವೇ. ಆದರೆ ಅವಳು ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಅದರ ಮೇಲೆ ಕೈಯಿಟ್ಟು ಕುಳಿತಿದ್ದಳು, ಆಟ ಮುಗಿದವರ ಹಾಗೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರಿಗೂ ಕೇಳಬಾರದು ಎಂಬುದು ಚರ್ಚೆಯ ಮೊದಲ ಪಾಠ. ನಾನು ಆ ಪಾಠ ಮುರಿದೆ.

“ಏನ ಮಾಡೂಣು? ಖಂಡನಾನ್ನ ತಗದು ಬಿಡ್ಲೇನು?”

ಅವಳು ನನ್ನನ್ನು ನೋಡಿದಳು, ಪ್ರಶ್ನೆ ನಿಜವೋ ಅಲಂಕಾರವೋ ಎಂದು ಪರೀಕ್ಷಿಸುವಂತೆ.

“ತಗೀಬ್ಯಾಡ. ಅದು ಜೋರ ಐತಿ, ಇರಲಿ. ಹೊಡಿಯೂ ಮುಂಚೆ ಹೇಳು, ಅಷ್ಟ ಸಾಕು.”

“ಹೇಳಿದ್ರ ಏನಾಗತೈತಿ?”

“ಸೇಂಗಾನ ಹತ್ರ ಡಾಲು ಐತಿ. ಹಿಡದ್ರ ಒಂದ ಪಾಳಿ ಯಾರ ಹೊಡದ್ರೂ ತಾಗೂದಿಲ್ಲ. ನೀ ಯಾವಾಗ ಹೊಡೀತಿ ಅಂತ ಗೊತ್ತಿಲ್ಲದ ನಾ ಹೆಂಗ ಹಿಡೀಲಿ?”

ಮೂರು ತಿಂಗಳು ಪಕ್ಕದಲ್ಲಿ ಕುಳಿತು ಆಡಿದ್ದೆ, ಸೇಂಗಾನ ಬಳಿ ಇಂಥದೊಂದು ಗುರಾಣಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ಹೊಡೆತದ ಅಂಕ ನೋಡಿ ನಕ್ಕವಳು ಮುಂದಿನ ಸಾಲು ಓದಿರಲೇ ಇಲ್ಲ. ಜೋರು ಪ್ರಾಣಿಯನ್ನು ಆರಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಇಂದಿಗೂ ನಾನು ಹೊಡೆತದ ಅಂಕವನ್ನೇ ಮೊದಲು ನೋಡಿ ಎನ್ನುತ್ತೇನೆ, ಸಿದ್ಧಾಂತ ಬದಲಾಗಿಲ್ಲ. ಪಕ್ಕದಲ್ಲಿ ನಿಲ್ಲುವವರ ಪಟ್ಟಿಯನ್ನೂ ಕೊನೆಯ ಸಾಲಿನವರೆಗೆ ಓದಿ ಎಂದು ಸೇರಿಸುತ್ತೇನೆ, ಇಷ್ಟೇ ತಿದ್ದುಪಡಿ.

ಎರಡನೆಯ ಆಟ. ರಾಡಿ. “ಹೊಡೀತೀನಿ” ಎಂದೆ. “ತಡಿ” ಎಂದಳು. “ಹಾಂ, ಹೊಡಿ.” ಕಣವೆಲ್ಲ ನಡುಗಿತು, ಧೂಳು ಎದ್ದಿತು, ಧೂಳು ಇಳಿದಾಗ ಎದುರಿನ ಎರಡೂ ಬಿದ್ದಿದ್ದವು, ನಮ್ಮ ಬೊಜ್ಜು ಹೊಟ್ಟೆಯ ಸೇಂಗಾ ರೆಕ್ಕೆ ಕೊಡವಿಕೊಂಡು ನಿಂತಿತ್ತು. ಅಣ್ಣತಮ್ಮಂದಿರು ಮೊದಲ ಸಲ ತಲೆಯೆತ್ತಿ ನಮ್ಮ ಕಡೆ ನೋಡಿದರು. ಆ ಆಟ ನಮ್ಮದಾಯಿತು.

ಮೂರನೆಯದು ನಮ್ಮದಾಗಲಿಲ್ಲ. ಡಾಲು ಅವರ ಬಳಿಯೂ ಇತ್ತು, ಮತ್ತು ಅವರು ಒಬ್ಬರಿಗೊಬ್ಬರು ‘ತಡಿ’ ಎಂದು ಹೇಳಿಕೊಳ್ಳುತ್ತ ಬಂದು ನಮಗಿಂತ ಎಷ್ಟೋ ವರ್ಷಗಳಾಗಿರಬೇಕು. ಕೊನೆಗೆ ಅವರದೊಂದು ಪ್ರಾಣಿ ಉಳಿಯಿತು, ಅದೂ ಕುಂಟುತ್ತ. ಹುಬ್ಬಳ್ಳಿ ತಪ್ಪಿತು.

ನಾಗಾವಿಗೆ ಹೋಗುವ ಟಂಟಂ ಆಟೋದಲ್ಲಿ ಒತ್ತಿ ಕುಳಿತೆವು. ಕಾಯಿಪಲ್ಲೆ ಮಾರುವ ಮಲ್ಲಸಮುದ್ರದ ಹೆಂಗಸರಿಬ್ಬರು ಮೆಂತ್ಯೆಯ ಗಂಟು ನಮ್ಮ ಕಾಲ ಮೇಲಿಟ್ಟು ಮಾತಿನಲ್ಲಿದ್ದರು. ನಾನು ಶಿಲ್ಪಾಳ ಕಡೆ ನೋಡಲಿಲ್ಲ. ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳುವ ಹಕ್ಕು ಅವಳಿಗಿತ್ತು. ಮೊದಲ ಆಟವೊಂದೇ ಸಾಕಿತ್ತು ಸಾಕ್ಷಿಗೆ. ಕೊನೆಗೆ ಓರೆಗಣ್ಣಿನಿಂದ ನೋಡಿದರೆ ಅವಳು ಫೋನು ತೆಗೆದು ಏನೋ ಬರೆಯುತ್ತಿದ್ದಳು. ಮುಂದಿನ ಸ್ಪರ್ಧೆಯ ಅರ್ಜಿ. ಮೊದಲ ಸಾಲಿನಲ್ಲಿ ತನ್ನ ಹೆಸರು ತುಂಬಿ, ಎರಡನೆಯ ಸಾಲಿನಲ್ಲಿ ನನ್ನ ಹೆಸರಿನ ಅರ್ಧ ಬರೆದಿದ್ದಳು.

ಧನ್ಯವಾದ ಹೇಳಬಹುದಿತ್ತು. ಆದರೆ ಮೂರನೆಯ ಆಟದಲ್ಲಿ ಅವಳು ಡಾಲನ್ನು ಒಂದು ಪಾಳಿ ಮುಂಚೆಯೇ ಹಿಡಿದಿದ್ದಳು, ಅದು ಸ್ಪಷ್ಟವಾಗಿ ತಪ್ಪು, ಮತ್ತು ಅದನ್ನು ಸಾಬೀತು ಮಾಡಲು ನನ್ನ ಬಳಿ ನಾಲ್ಕು ಅಂಶಗಳಿದ್ದವು.

“ಶಿಲ್ಪಾ, ವಾದಾ ಮಾಡ್ತೀನಿ” ಎಂದೆ.

ಅವಳು ನನ್ನ ಹೆಸರಿನ ಉಳಿದರ್ಧ ಬರೆದು ಮುಗಿಸಿದಳು. ಕಾಲ ಮೇಲಿದ್ದ ಮೆಂತ್ಯೆಯ ಗಂಟನ್ನು ಎತ್ತಿ ಎದೆಗೆ ಅಡ್ಡ ಹಿಡಿದಳು.

“ತಡಿ” ಎಂದಳು. “ಹಾಂ, ಈಗ ಹೊಡಿ.”