ದಾನಪತ್ರ ಓದಿ ಹೇಳಿದ ಯಂತ್ರ

ನನ್ನ ಯಜಮಾನರು ಜೇವರ್ಗಿಯಲ್ಲಿ ಪತ್ರ ಬರೆಯುವವರು. ಪತ್ರವೆಂದರೆ ಕ್ಷೇಮ ಸಮಾಚಾರದ್ದಲ್ಲ. ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ದಾನಪತ್ರ, ಹೀಗೆ ಹೊಲ ಮನೆಗಳು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗುವಾಗ ಬೇಕಾಗುವ ಕಾಗದಗಳು. ತಹಸೀಲ್ ಕಚೇರಿಯ ಎದುರಿನ ಸಾಲಿನಲ್ಲಿ ಅವರದೊಂದು ಸಣ್ಣ ಮಳಿಗೆ ಇದೆ. ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಎರಡು ಬೆಂಚು.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪತ್ರ ಸಿದ್ಧವಾದ ಮೇಲೆ ಬರೆದವರೇ ಅದನ್ನು ಕೊಡುವವರ, ಪಡೆಯುವವರ ಎದುರಿಗೆ ಗಟ್ಟಿಯಾಗಿ ಓದಬೇಕು. ಅದಾದ ಮೇಲೆಯೇ ರುಜು ಅಥವಾ ಹೆಬ್ಬೆಟ್ಟು. ಓದು ಬಲ್ಲವರೂ "ನೀವಽ ಓದ್ರಿ" ಎಂದು ಕೈಕಟ್ಟಿ ಕೂರುತ್ತಾರೆ. ಹೊಲದ ನಾಲ್ಕು ದಿಕ್ಕಿನ ಗಡಿ, ಅಂದರೆ ಚಕ್ಕಬಂದಿ, ಬಂದಾಗ ಹೆಂಗಸರು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗುತ್ತಾರೆ. ಒಂದೊಂದು ದಿಕ್ಕಿಗೂ ಒಂದು "ಹ್ಞೂಂ" ಬೀಳಬೇಕು. ಇಪ್ಪತ್ತೈದು ವರ್ಷ ನಮ್ಮವರು ಹೀಗೆ ಓದಿದರು. ಅವರ ಓದು ಕೇಳುವುದಕ್ಕೆಂದೇ ಅವರ ಮೇಜಿಗೆ ಬರುವವರಿದ್ದರು.

ಎರಡು ವರ್ಷದ ಹಿಂದೆ ಅವರ ಕಣ್ಣಿನ ನರ ಒಣಗುತ್ತಿದೆ ಎಂದು ಕಲಬುರಗಿಯ ಡಾಕ್ಟರು ಹೇಳಿದರು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯ ಹನಿ ಹಾಕಿ ಕಾಯ್ದುಕೊಳ್ಳಬೇಕು. ಟೈಪು ಮಾಡಲು ಅವರಿಗೆ ಕಣ್ಣು ಬೇಡ, ಬೆರಳಿಗೇ ಕೀಲಿಗಳ ಜಾಗ ಗೊತ್ತು. ದೊಡ್ಡ ಅಕ್ಷರವಾದರೆ ಕಾಣಬಹುದೆಂದು ಅಗಲವಾದ ಹೊಸ ಪರದೆ ತಂದೆವು. ಐದಾರು ತಿಂಗಳು ಅದು ನಡೆಯಿತು.

ದಸರೆಯ ರಜೆಯಲ್ಲಿ ಒಂದು ದಿನ ನಾನು ಮಳಿಗೆಯಲ್ಲಿ ಕೂತಿದ್ದೆ. ನಾನು ಅಂಗನವಾಡಿ ಟೀಚರ್, ಬೇರೆ ದಿನಗಳಲ್ಲಿ ಸಂಜೆ ನಾಲ್ಕರವರೆಗೆ ಮಕ್ಕಳ ಜೊತೆಗೇ ಇರುತ್ತೇನೆ. ಅವರು ಒಂದು ಖರೀದಿ ಪತ್ರ ಓದುತ್ತಿದ್ದರು, ದನಿ ಎಂದಿನ ಹಾಗೇ ಇತ್ತು. ನಾನು ಸುಮ್ಮನೆ ಕಾಗದದ ಕಡೆ ನೋಡಿದೆ. ಅವರ ಬಾಯಿ ಎರಡನೆಯ ಹಾಳೆಯ ಮೇಲಿತ್ತು, ಕೈಯಲ್ಲಿ ಮೂರನೆಯ ಹಾಳೆ ಇತ್ತು.

ಆ ರಾತ್ರಿ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿದೆ. "ಎಷ್ಟ ದಿನದಿಂದ ಹಿಂಗ ನಡಿಸೀರಿ?"

"ಏನ್ ಹಿಂಗ?"

"ಕಾಗದ ನೋಡದನ ಓದೋದು."

ಅವರು ತಾಟಿನಲ್ಲಿದ್ದ ಪುಂಡಿಪಲ್ಯವನ್ನು ಬೆರಳಿನಿಂದ ಅತ್ತ ಇತ್ತ ಸರಿಸಿದರು. "ನಾನಽ ಬರದದ್ದು. ನನಗ ಬಾಯಿಪಾಠ ಇರ್ತದ."

"ನಿಮ್ಮ ತಲ್ಯಾಗ ಇದ್ದದ್ದಕ್ಕ ಅವ್ರು ಹೆಬ್ಬೆಟ್ಟ ಒತ್ತಂಗಿಲ್ರಿ. ಕಾಗದದಾಗ ಇದ್ದದ್ದಕ್ಕ ಒತ್ತತಾರ."

"ಹಂಗಾದ್ರ ಮಳಿಗಿ ಮುಚ್ಚಲೇನು? ಓದಾಕ ಬರದಾಂವ ಪತ್ರ ಬರೀತಾನಂದ್ರ ನಾಳಿ ಯಾರ್ ಬರ್ತಾರ ಆ ಬೆಂಚಿಗೆ?" ಅಂದರು. ಕೈ ತೊಳೆದ ಮೇಲೆ ತಾವೇ ಹೇಳಿದರು, "ಎಳ್ಳಮಾಸಿ ತನಕ ನಡಸ್ತೇನಿ. ಆಮ್ಯಾಲ ಕೀಲಿ ಹಾಕಿಬಿಡ್ತೇನಿ."

ಎಳ್ಳಮಾವಾಸ್ಯೆಗೆ ಇನ್ನು ಎರಡು ತಿಂಗಳು ಚಿಲ್ಲರೆ ಇತ್ತು.

ನನ್ನ ತಂಗಿಯನ್ನು ಅಫಜಲಪುರಕ್ಕೆ ಕೊಟ್ಟಿದ್ದೇವೆ. ಅವಳ ಪಾಸ್‌ಬುಕ್ ಹಿಡಿದು ಹಿಂದೊಮ್ಮೆ ಅಲ್ಲಿನ ಬ್ಯಾಂಕಿಗೆ ಹೋದಾಗ ಕಿಟಕಿಯ ಆಚೆಗೆ ಕೂತ ಗುಮಾಸ್ತರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಪರದೆಯ ಕಡೆ ಮುಖವನ್ನೂ ಮಾಡದೆ ಕೆಲಸ ಮಾಡುತ್ತಿದ್ದರು. ಹುಟ್ಟಿನಿಂದಲೇ ಕಣ್ಣಿಲ್ಲದವರು, ಕಂಪ್ಯೂಟರ್ ಅವರ ಕಿವಿಯಲ್ಲಿ ಓದುತ್ತಿತ್ತು. ಅದು ನೆನಪಾಗಿ, ತಂಗಿಗೆ ಹೇಳಿ ಅವರ ಫೋನ್ ನಂಬರು ತರಿಸಿಕೊಂಡೆ.

ನನ್ನ ಸಮಾಚಾರವನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಕಂಪ್ಯೂಟರಿನಾಗ ಯಾವ ಸಿಸ್ಟಮ್ ಐತ್ರಿ?"

"ರಿಪೇರಿಯವ್ರು ಲಿನಕ್ಸ್ ಅಂತ ಏನೋ ಹಾಕ್ಯಾರ್ರಿ. ಹಳೇ ಮಷಿನ್, ಅದರ ಮ್ಯಾಲ ಬ್ಯಾರೆ ಯಾವುದೂ ಓಡಂಗಿಲ್ಲ ಅಂದ್ರು. ಹಳೇ ಕನ್ನಡ ಟೈಪಿಂಗನ್ನೂ ಅದರೊಳಗ ಹೆಂಗೋ ಕೂಡಿಸಿಕೊಟ್ಟಾರ."

"ಭಾಳ ಚಲೋ ಆತು. ಲಿನಕ್ಸ್‌ನಾಗ ಓದೋ ತಂತ್ರಾಂಶ ಪುಕ್ಕಟ ಸಿಗ್ತದ. ಆದ್ರ ಅದು ಹೊಸಾ ಸೊಸಿ ಇದ್ದಂಗ. ತಾನಾಗಿ ಬಾಯಿ ಬಿಡಂಗಿಲ್ಲ, ನಾವಽ ಮಾತಾಡಸಬೇಕು."

ಮರುದಿನದಿಂದ ನಾಲ್ಕಕ್ಕೆ ಅಂಗನವಾಡಿ ಮುಗಿಸಿ ನೇರ ಮಳಿಗೆಗೆ ಹೋಗತೊಡಗಿದೆ. ಫೋನಿನಿಂದ ನೆಟ್ ಕೊಟ್ಟು, ಅದೇ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಗುಮಾಸ್ತರು ಒಂದೊಂದೇ ಅಕ್ಷರ ಹೇಳಿದಂತೆ ಪರದೆಯ ಮೇಲೆ ತೆರೆದ ಕಪ್ಪು ಕಿಟಕಿಯೊಳಗೆ ಒತ್ತುವುದು. ಯಜಮಾನರು ಬೆಂಚಿನ ಮೇಲೆ ಕೂತು ಸೊಪ್ಪು ಬಿಡಿಸಿಕೊಡುತ್ತಿದ್ದರು. ನನ್ನ ಈ ಪ್ರಯತ್ನದಲ್ಲಿ ಅವರಿಗೆ ನಂಬಿಕೆ ಇರಲಿಲ್ಲ, ಆದರೆ ಎದ್ದೂ ಹೋಗುತ್ತಿರಲಿಲ್ಲ.

ಮೊದಲನೆಯ ದಿನವೇ ಪಾಸ್‌ವರ್ಡ್ ಕೇಳಿತು. ನಾನು ಒತ್ತಿದೆ, ಪರದೆಯ ಮೇಲೆ ಒಂದು ಚುಕ್ಕೆಯೂ ಬರಲಿಲ್ಲ. ಕೀಬೋರ್ಡ್ ಸತ್ತಿತೆಂದುಕೊಂಡು ಕಿತ್ತು ಮತ್ತೆ ಚುಚ್ಚಿದೆ, ತಿರುವಿ ಬಡಿದೆ. ಒಳಗಿದ್ದ ಶೇಂಗಾ ಸಿಪ್ಪೆ ಉದುರಿತು.

"ಏನೂ ಮೂಡವಲ್ದಲ್ರಿ" ಅಂದೆ.

"ಮೂಡಂಗಿಲ್ಲ. ಪಾಸ್‌ವರ್ಡ್ ಅದು ತೋರಸಂಗಿಲ್ಲ. ನೀವು ಒತ್ತಕೋತ ಹೋಗ್ರಿ. ಕಾಣದಿದ್ರೂ ಬರೀತದ, ನಿಮ್ಮ ಮನ್ಯಾವ್ರ ಹಂಗ."

ನನಗೆ ನಗು ತಡೆಯಲಾಗಲಿಲ್ಲ. ಫೋನಿನ ಮಾತು ಯಜಮಾನರಿಗೂ ಕೇಳಿಸಿತ್ತು. "ಯಾರಂವ? ನನ್ನ ಕಂಡಽ ಇಲ್ಲ, ಆಗಲೇ ಹೆಸರಿಡಾಕತ್ತಾನ" ಎಂದು ಬೆಂಚಿನಿಂದ ಗೊಣಗಿದರು.

ತಂತ್ರಾಂಶ ಇಳಿಯಿತು. ಓದು ಎಂದು ಬರೆದು ಎಂಟರ್ ಒತ್ತಿದರೆ ಕಂಪ್ಯೂಟರ್ ಒಂದು ಗಳಿಗೆ ತಡೆದು, ಕೆಲಸ ಮುಗಿಯಿತೆನ್ನುವಂತೆ ಮುಂದಿನ ಸಾಲಿಗೆ ಬರುತ್ತಿತ್ತು. ತಪ್ಪೂ ತೋರಿಸುತ್ತಿರಲಿಲ್ಲ, ದನಿಯೂ ಇರಲಿಲ್ಲ. ಎರಡನೆಯ ದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ಸ್ಪೀಕರಿನ ಕೆಂಪು ದೀಪ ಉರಿಯುತ್ತಿತ್ತು, ಗುಂಡಿ ಪೂರ್ತಿ ತಿರುಗಿಸಿತ್ತು. ನಾನು ಸ್ಪೀಕರಿಗೆ ಕಿವಿ ಹಚ್ಚಿ ಕೂತದ್ದನ್ನು ನೋಡಿ ಪಕ್ಕದ ಚಹಾದವನು, "ಟೀಚರ್ರ, ಅದು ಏನರೆ ಗುಟ್ಟ ಹೇಳಾಕತ್ತೈತೇನ್ರಿ?" ಅಂದ.

ನಾಲ್ಕನೆಯ ದಿನ ಗುಮಾಸ್ತರು ಕೇಳಿದರು, "ಪರದೆ ಹೊಸಾದೇನ್ರಿ? ಅದರ ವೈರು ಅಗಲ ಚಪ್ಪಟೆ ಮೂತಿದು ಏನು?"

ಹೌದು ಅಂದೆ.

"ಸಿಕ್ಕತು ನೋಡ್ರಿ. ಆ ವೈರಿನಾಗ ಚಿತ್ರದ ಕೂಡ ದನಿನೂ ಹೋಗ್ತದ. ನಿಮ್ಮ ಕಂಪ್ಯೂಟರ್ ನಾಕ್ ದಿನದಿಂದ ಮಾತಾಡಾಕತ್ತೈತಿ, ಪರದ್ಯಾಗ. ಆ ಪರದಿಗೆ ಬಾಯಿಽ ಇಲ್ಲ."

ಕಣ್ಣಿಗೆಂದು ತಂದ ಪರದೆಯೇ ದನಿಯನ್ನು ನುಂಗುತ್ತಿತ್ತು. ಅವರು ಹೇಳಿದಂತೆ ಧ್ವನಿಯ ಸೆಟ್ಟಿಂಗ್ ತೆರೆದು, ಪರದೆಯ ಹೆಸರು ಬಿಟ್ಟು ಸ್ಪೀಕರಿನ ಹೆಸರಿನ ಮೇಲೆ ಒತ್ತಿದೆ. ಕನ್ನಡದ ದನಿ ಬೇಕೆಂದು ತಿಳಿಸುವ ಎರಡಕ್ಷರ ಸೇರಿಸಿದೆ. ಏನು ಬರೆಯಬೇಕೆಂದು ಹೊಳೆಯದೆ, ಬಾಯಿಗೆ ಬಂದದ್ದನ್ನೇ ಬರೆದೆ. ರೊಟ್ಟಿ ಆರಿತು, ಊಟಕ್ಕೆ ಬನ್ನಿ.

ಎಂಟರ್.

"ರೊಟ್ಟಿ ಆರಿತು. ಊಟಕ್ಕೆ ಬನ್ನಿ." ಡಬ್ಬಿಯೊಳಗೆ ಕೂತು ಮೂಗಿನಿಂದ ಮಾತಾಡುವ ದನಿ. ಆಳಂದದ ಬಸ್ ನಿಲ್ದಾಣದಲ್ಲಿ ಖಜೂರಿ, ಮಾದನಹಿಪ್ಪರಗಾ ಎಂದು ಕೂಗುವವರ ದನಿಗಿಂತಲೂ ಒಣ. ಆದರೆ ಒಂದೊಂದು ಅಕ್ಷರವೂ ಸ್ಪಷ್ಟ.

ಯಜಮಾನರು ಆಗ ಚಹಾದಂಗಡಿಯ ಮುಂದಿದ್ದರು. ಲೋಟ ಹಿಡಿದೇ ಬಂದರು. "ಯಾರ್ ಬಂದಾರ? ಯಾವ ಊರವ್ರು?"

ನಾನು ಇನ್ನೊಮ್ಮೆ ಒತ್ತಿದೆ. ಅವರು ಬಾಗಿಲಲ್ಲೇ ನಿಂತು ತಲೆ ವಾರೆ ಮಾಡಿ ಕೇಳಿದರು. ಆಮೇಲೆ ನನ್ನನ್ನು ಸರಿಸಿ ಕುರ್ಚಿಯಲ್ಲಿ ಕೂತು, ಹತ್ತು ನಿಮಿಷ ಏನೇನೋ ಬರೆದು ಓದಿಸಿದರು. ತಮ್ಮ ಹೆಸರು, ಅಪ್ಪನ ಹೆಸರು, ನನ್ನ ಹೆಸರು, ಬೈಗುಳವೊಂದು. ಬೈಗುಳವನ್ನೂ ಅದು ಅದೇ ದನಿಯಲ್ಲಿ, ಸರ್ವೆ ನಂಬರು ಓದಿದ ಹಾಗೆ ಓದಿತು. ಚಹಾದವನು ಬಂದ, ಅವನ ಹಿಂದೆ ಚಹಾ ಕುಡಿಯಲು ಬಂದವರೂ ಬಂದರು. ಆ ದಿನ ನನಗೆ ಮನೆಗೆ ಹೋಗುವ ಮನಸ್ಸೇ ಆಗಲಿಲ್ಲ.

ಮರುದಿನ ಒಂದು ನಿಜವಾದ ಖರೀದಿ ಪತ್ರ ತೆರೆದು ಓದಿಸಿದೆವು. ಕನ್ನಡದ ಒಂದು ಶಬ್ದವೂ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡು ಎಂದು ಯಾವುದೋ ಚಿಹ್ನೆಯ ಹೆಸರು, ಮತ್ತೆ ಅಕ್ಷರಗಳು. ಯಜಮಾನರು ಎದ್ದು ಹೊರಗೆ ಹೋದರು. ಫೋನಿನಲ್ಲಿ ಗುಮಾಸ್ತರು ನಿಟ್ಟುಸಿರು ಬಿಟ್ಟು, "ಆ ಕಡತ ಹಿಡಕೊಂಡು ಆಯ್ತವಾರ ಬರ್ರಿ" ಅಂದರು.

ಭಾನುವಾರ ಹದಿನೈದು ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಂಡು, ಪೆನ್‌ಡ್ರೈವನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು, ಕಲಬುರಗಿಯಲ್ಲಿ ಬಸ್ ಬದಲಿಸಿ ಅಫಜಲಪುರಕ್ಕೆ ಹೋದೆ. ಅವರ ಮನೆಯಲ್ಲಿ ಕಂಪ್ಯೂಟರ್ ಎಷ್ಟು ವೇಗವಾಗಿ ಓದುತ್ತಿತ್ತೆಂದರೆ ಅದು ಕನ್ನಡವೋ ಹುರಿಯುವ ಕಾಳಿನ ಸದ್ದೋ ನನಗೆ ತಿಳಿಯಲಿಲ್ಲ. ಅವರಿಗೆ ಎಲ್ಲವೂ ತಿಳಿಯುತ್ತಿತ್ತು.

ಅವರು ಬಿಡಿಸಿ ಹೇಳಿದರು. ನಮ್ಮ ಹಳೆಯ ಟೈಪಿಂಗಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ. ಫಾಂಟ್ ಅದರ ಮೇಲೆ ಕನ್ನಡದ ಅಂಗಿ ತೊಡಿಸುತ್ತದೆ. ಅಂಗಿ ನೋಡುವುದು ಕಣ್ಣು, ಓದುವ ದನಿ ಮೈ ಮುಟ್ಟಿ ನೋಡುತ್ತದೆ. ಜೇವರ್ಗಿಯ ಆ ಸಾಲಿನ ಎಲ್ಲ ಮೇಜುಗಳಲ್ಲೂ ಒಂದೇ ಹಳೆಯ ನಮೂನೆಯ ಪತ್ರ ಕೈಯಿಂದ ಕೈಗೆ ಬಂದದ್ದು, ಹೆಸರು ಚಕ್ಕಬಂದಿ ಬದಲಿಸಿ ಅದನ್ನೇ ಎಲ್ಲರೂ ಬಳಸುವುದು. ಹಾಗಾಗಿ ಎಲ್ಲರದೂ ಅದೇ ಅಂಗಿ.

ಹಳೆಯ ಕಡತಗಳನ್ನು ನಿಜವಾದ ಕನ್ನಡಕ್ಕೆ ತಿರುಗಿಸುವ ಒಂದು ಸಣ್ಣ ಪರಿವರ್ತಕವನ್ನು ಅವರು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಲಿನಕ್ಸಿನಲ್ಲಿ ಯುನಿಕೋಡ್ ಎಂಬ ಈ ನಿಜವಾದ ಕನ್ನಡವನ್ನು ಹಳೆಯ ಕೀಲಿಗಳ ಜಾಗದಲ್ಲೇ ಬರೆಯಬಹುದು, ಯಜಮಾನರ ಬೆರಳು ಹೊಸದೇನೂ ಕಲಿಯಬೇಕಿಲ್ಲ ಅಂದರು. ಇದನ್ನು ಕೇಳಿ ನನಗೆ ರೊಟ್ಟಿಯ ಗಂಟು ಬಿಚ್ಚುವುದೇ ಮರೆತುಹೋಯಿತು. ಅವರೇ ಮೂಸಿ, "ಹಿಂಡಿ ವಾಸನಿ ಬರಾಕತ್ತೈತಿ, ವಾಪಸ್ ಒಯ್ಯುವ ವಿಚಾರ ಇದ್ದಂಗ ಕಾಣ್ತದ" ಅಂದರು.

ಒಂದು ವಾರದಲ್ಲಿ ಎಲ್ಲವೂ ಕೂಡಿಬಂತು. ಮೇಲಿನ ಸಾಲಿನ ಒಂದು ಕೀಲಿ ಒತ್ತಿದರೆ ತೆರೆದ ಪತ್ರವನ್ನು ಮೊದಲಿನಿಂದ ಓದುವಂತೆ ಗುಮಾಸ್ತರು ಫೋನಿನಲ್ಲೇ ಮಾಡಿಸಿದರು. ಬೆರಳಿಗೆ ಸಿಗಲೆಂದು ಆ ಕೀಲಿಯ ಮೇಲೆ ನನ್ನ ಹಣೆಯ ಟಿಕಳಿ ಅಂಟಿಸಿದೆ. ಆದರೂ ಗಿರಾಕಿಗಳ ಎದುರು ಯಜಮಾನರು ಅದನ್ನು ಮುಟ್ಟುತ್ತಿರಲಿಲ್ಲ. ಜನ ನಗುತ್ತಾರೆ ಎನ್ನುತ್ತಿದ್ದರು. ಮತ್ತೆ ಬಾಯಿಪಾಠವೇ ನಡೆದಿತ್ತು.

ಎಳ್ಳಮಾವಾಸ್ಯೆಗೆ ಹತ್ತು ದಿನವಿರುವಾಗ ಇಜೇರಿಯಿಂದ ಒಬ್ಬ ಮುದುಕಿ ಮಗಳನ್ನು ಕರೆದುಕೊಂಡು ಬಂದಳು. ಎರಡು ಎಕರೆ ಮಗಳ ಹೆಸರಿಗೆ ದಾನಪತ್ರ. ನಾನು ಅಂದು ಅರ್ಧ ರಜೆ ಹಾಕಿ ಅಲ್ಲೇ ಇದ್ದೆ. ಯಜಮಾನರು ಬರೆದು, ಪ್ರಿಂಟ್ ತೆಗೆದು, ಕಾಗದ ಮುಖದ ಮುಂದೆ ಹಿಡಿದು ಸೊಗಸಾಗಿ ಓದಿದರು. ನಾಲ್ಕು ದಿಕ್ಕಿಗೆ ನಾಲ್ಕು "ಹ್ಞೂಂ" ಬಿದ್ದವು. ಮುದುಕಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳಲು ಕೈ ಚಾಚಿದಳು.

ನನಗೆ ತಡೆಯಲಾಗಲಿಲ್ಲ. "ಆಯಿ, ಒಂದ್ ಗಳಿಗಿ. ನಮ್ಮ ಮಷಿನೂ ಓದ್ತದ, ಕೇಳ್ರಿ" ಎಂದು ಟಿಕಳಿ ಒತ್ತಿದೆ. ಯಜಮಾನರ ಮುಖ ಗಂಟಾಯಿತು.

ಆ ಒಣ ದನಿ ಓದುತ್ತ ಹೋಯಿತು. ಮುದುಕಿ ಮೊದಲು ನಕ್ಕಳು, ಆಮೇಲೆ ಮುಂದಕ್ಕೆ ಬಾಗಿದಳು. ಪೂರ್ವಕ್ಕೆ ಮೈದುನನ ಹೊಲ. ಹ್ಞೂಂ. ಪಶ್ಚಿಮಕ್ಕೆ ಸರ್ಕಾರಿ ಹಳ್ಳ.

"ತಡಿ ತಡಿ" ಅಂದಳು ಮುದುಕಿ. "ಹಳ್ಳ ಎಲ್ಲೈತೋ ನನ್ನ ಹೊಲಕ್ಕ? ಪಡುವಲಕ್ಕ ಬಂಡಿ ದಾರಿ ಐತಿ. ದಾರಿನಽ ಬರೀದಿದ್ರ ನನ್ನ ಮಗಳು ಹೊಲಕ್ಕ ಹಾರಿಕೊಂಡು ಹೋಗಬೇಕೇನು?"

"ನಾ ಬಂಡಿ ದಾರಿ ಅಂತನಽ ಓದೇನಿ ಆಯಿ" ಅಂದರು ಯಜಮಾನರು.

ಮಗಳು ಕಾಗದ ಎತ್ತಿಕೊಂಡು ಸಾಲಿನ ಕೆಳಗೆ ಬೆರಳು ಸರಿಸಿದಳು. "ಹಳ್ಳ ಅಂತನಽ ಐತ್ರಿ ಇಲ್ಲಿ."

ಹಳೆಯ ನಮೂನೆಯಲ್ಲಿ ಇನ್ಯಾರದೋ ಹೊಲದ ಪಕ್ಕ ಹರಿಯುತ್ತಿದ್ದ ಹಳ್ಳ ಅಳಿಸದೆ ಉಳಿದುಬಿಟ್ಟಿತ್ತು. ಅವರು ಬರೆಯಬೇಕೆಂದುಕೊಂಡದ್ದನ್ನು ಓದಿದ್ದರು, ಯಂತ್ರ ಬರೆದದ್ದನ್ನು ಓದಿತ್ತು. ಅವರು ಚಷ್ಮಾ ತೆಗೆದು ಮೇಜಿನ ಮೇಲಿಟ್ಟರು.

"ಆಯಿ, ನನಗ ಅಕ್ಷರ ಕಾಣಂಗಿಲ್ಲ. ಭಾಳ ದಿನ ಆತು. ನೆನಪಿನ ಮ್ಯಾಲ ಓದೇನಿ. ತಪ್ಪಾತು."

ಮುದುಕಿ ಸೆರಗು ಸರಿಮಾಡಿಕೊಂಡಳು. "ಚಲೋ ಜೋಡಿ ಆತು. ನನಗ ಓದಾಕ ಬರಂಗಿಲ್ಲ, ನಿನಗ ಕಾಣಂಗಿಲ್ಲ. ಇಬ್ರೂ ಕೂಡಿ ಹೊಲ ಕೊಡಾಕ ಕುಂತೇವಿ. ದಾರಿ ಬರದು ಹಾಕು. ಆ ಡಬ್ಬಿಗೆ ಇನ್ನೊಮ್ಮಿ ಓದಾಕ ಹಚ್ಚು. ನೀ ಬಾಯಿ ಮುಚ್ಚಿಕೊಂಡು ಕೂಡ್ರು."

ಅವರೇ ಬರೆದರು, ಅವರೇ ಟಿಕಳಿ ಒತ್ತಿದರು. ಮುದುಕಿ ಮೂರು ಸಲ ಓದಿಸಿದಳು. ಮೂರನೆಯ ಸಲ ಪಶ್ಚಿಮಕ್ಕೆ ಬಂಡಿ ದಾರಿ ಎಂದು ಬಂದಾಗ ಅವಳ "ಹ್ಞೂಂ" ಚಹಾದಂಗಡಿಯವರೆಗೆ ಕೇಳಿಸಿತು. ಆಮೇಲೆ ಹೊಸದಾಗಿ ಪ್ರಿಂಟ್ ತೆಗೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಅವರು ಹೋದ ಮೇಲೆ ಯಜಮಾನರು ಸ್ಪೀಕರನ್ನು ಮೂಲೆಯಿಂದ ಎತ್ತಿ ಬೆಂಚುಗಳ ಕಡೆ ಮುಖಮಾಡಿ ಇಟ್ಟರು. ಅಷ್ಟರಲ್ಲಿ ಇಬ್ಬರು ಅಣ್ಣತಮ್ಮಂದಿರು ವಾಟ್ನಿ ಪತ್ರಕ್ಕೆಂದು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರು.

"ಬರ್ರಿ" ಅಂದರು ಇವರು. "ಕೂಡೋಕಿಂತ ಮೊದ್ಲು ಒಂದ್ ಮಾತು ಕೇಳ್ರಿ. ನನಗ ಕಣ್ಣು ಕಾಣಂಗಿಲ್ಲ. ಬರೆಯೋದು ನಾನು, ಓದೋದು ಇದು. ಒಪ್ಪಿಗಿ ಇದ್ರ ಕೂಡ್ರಿ, ಇರದಿದ್ರ ಬಾಜೂಕ ಇನ್ನೂ ಮೇಜು ಅದಾವ."

ಅಣ್ಣ ತಮ್ಮನ ಮುಖ ನೋಡಿದ. ತಮ್ಮ, "ನಮ್ಮಿಬ್ಬರ ಪೈಕಿ ಯಾರ ಕಡಿಗೂ ಇರದಾಂವ ಓದಿದ್ರ ಚಲೋನಽ ಆತಲ್ಲ" ಅಂದ. ಇಬ್ಬರೂ ಬೆಂಚಿನ ಮೇಲೆ ಕೂತರು.