ಶನಿಯಾರನ ಮಹಾಲಕ್ಷ್ಮಿ, ದೇವುವಿನ ಶಾಂತಾದುರ್ಗೆ

ಮಾವಿನಕುರ್ವೆಯ ಶನಿಯಾರನಿಗೆ ಹೆಂಡತಿ ತಿಮ್ಮಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಇತ್ತು, ದಂಡೆಯಲ್ಲಿದ್ದಾಗ. ನೀರಿಗಿಳಿದನೆಂದರೆ ಅವನ ಜೀವವೆಲ್ಲ ಮಹಾಲಕ್ಷ್ಮಿಗೆ ಮೀಸಲು. ಮಹಾಲಕ್ಷ್ಮಿ ಎಂದರೆ ಹೊನ್ನಾವರದ ಪ್ರಭು ಧಣಿಗಳ ಮಚ್ವೆ. ಕುಮಟೆ ಕಡೆಯ ಉಪ್ಪು, ಹೊನ್ನಾವರದ ಹೆಂಚು ಹೇರಿಕೊಂಡು ಭಟ್ಕಳಕ್ಕೆ ಹೋಗಿಬರುವ, ತೀರ ದೊಡ್ಡದೂ ಅಲ್ಲದ ತೀರ ಸಣ್ಣದೂ ಅಲ್ಲದ ಹಾಯಿದೋಣಿ. ಶನಿಯಾರ ಅದರ ತಾಂಡೇಲ, ಚುಕ್ಕಾಣಿಯ ಯಜಮಾನ. ಹಾಯಿ ಇದ್ದಷ್ಟು ಕಾಲ ಹಾಯಾಗಿದ್ದವನು.

ಧಣಿಗಳಿಗೆ ಇನ್ನೊಂದು ಮಚ್ವೆಯೂ ಇತ್ತು, ಶಾಂತಾದುರ್ಗಾ. ಅದರ ತಾಂಡೇಲ ತಿಮ್ಮಿಯ ತಮ್ಮ, ಬಾಡ ಊರಿನ ದೇವು. ಒಟ್ಟಿಗೆ ಹೊರಟರೂ ಅವನು ಭಟ್ಕಳ ಮುಟ್ಟುವಾಗ ಶನಿಯಾರ ಸರಕು ಇಳಿಸಿ, ಚಾ ಕುಡಿದು, ಎರಡನೇ ಬೀಡಿ ಹಚ್ಚಿರುತ್ತಿದ್ದ. ಹಾಗಾಗಿ ದೇವುವಿಗೆ ಭಾವನ ಕುಹಕಕ್ಕೆ ಯಾವತ್ತೂ ಅಭಾವವಿರಲಿಲ್ಲ. ಮನೆಗೆ ಬಂದ ತಮ್ಮನ ಎಡಭುಜಕ್ಕೆ ತಿಮ್ಮಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರೆ, ಮದುವೆಯಾಗದೆ ಸಂಸಾರದ ಭಾರ ಹೊರದವನಿಗೆ ಎಂತ ಭುಜನೋವು ಎಂದು ಶನಿಯಾರ ಜಗಲಿಯಿಂದಲೇ ಕೇಳುವವನು. ದೇವು ನಗುತ್ತಿದ್ದ. ಮಾತಿನಲ್ಲಿ ಅವನ ಹಾಯಿ ಯಾವಾಗಲೂ ಅರ್ಧವೇ ಬಿಚ್ಚಿರುತ್ತಿತ್ತು.

ಎಪ್ಪತ್ತೆಂಟರ ಚಳಿಗಾಲದ ಹೊತ್ತಿಗೆ ಸರಕೆಲ್ಲ ಲಾರಿ ಹತ್ತತೊಡಗಿತು. ಎರಡು ಮಚ್ವೆ ಸಾಕುವುದು ಆಗದು, ಒಂದನ್ನು ಮಾರುತ್ತೇನೆ ಎಂದರು ಧಣಿಗಳು. ಯಾವುದು ಚಲೋ ಅದು ಉಳಿಯುತ್ತದೆ, ಅದರ ತಾಂಡೇಲನೂ ಉಳಿಯುತ್ತಾನೆ. ಇನ್ನೊಬ್ಬ ಮಲ್ಪೆಗೋ ಎಲ್ಲಿಗೋ ಹೋಗಿ ಟ್ರಾಲರಿನಲ್ಲಿ ಬಲೆ ಎಳೆಯಬೇಕು.

ಬಂದರಿನ ಚಾ ಅಂಗಡಿಯಲ್ಲಿ ವಾರವಿಡೀ ಇದೇ ತರ್ಕ. ಮಹಾಲಕ್ಷ್ಮಿಯದು ಚೂಪು ಮೂತಿ, ತೆರೆ ಸೀಳಿ ಹೋಗುತ್ತದೆ, ಒಳಗೆ ಹನಿ ನೀರಿಲ್ಲ. ಆದರೆ ಹೊಟ್ಟೆ ಆಳ; ಇಳಿತದ ಹೊತ್ತಿಗೆ ಶರಾವತಿಯ ಅಳಿವೆಗೆ ಬಂದರೆ ಮರಳದಿಣ್ಣೆಯ ಹೊರಗೆ ನೀರೇರುವವರೆಗೆ ಕಾಯಬೇಕು. ಶಾಂತಾದುರ್ಗೆಯದು ಚಪ್ಪಟೆ ತಳ; ಅರ್ಧ ನೀರಿನಲ್ಲೂ ದಿಣ್ಣೆ ದಾಟುತ್ತದೆ, ಹತ್ತಿಪ್ಪತ್ತು ಮೂಟೆ ಹೆಚ್ಚೇ ಹಿಡಿಯುತ್ತದೆ, ಆದರೆ ನಿಧಾನ. ಎರಡೂ ಕಡೆ ಕೇಳಿ ತಲೆ ಕೆಟ್ಟ ಧಣಿಗಳು ಕೊನೆಗೆ ಇಬ್ಬರನ್ನೂ ಕರೆದು, ಸಮ ಉಪ್ಪು ಹೇರಿ ಭಟ್ಕಳಕ್ಕೆ ಬಿಡಿ, ಆದರೆ ನಿನ್ನ ದೋಣಿಯಲ್ಲಿ ಅವನು, ಅವನ ದೋಣಿಯಲ್ಲಿ ನೀನು ಎಂದುಬಿಟ್ಟರು. ತನ್ನ ದೋಣಿಯನ್ನು ಹೊಗಳದ ತಾಂಡೇಲ ಹುಟ್ಟಿಲ್ಲ, ಇನ್ನೊಬ್ಬನ ದೋಣಿಯಲ್ಲಾದರೆ ನಿಜ ಹೇಳುತ್ತಾನೆ ಎಂಬುದು ಅವರ ಲೆಕ್ಕ.

ಶನಿಯಾರನ ಲೆಕ್ಕ ಬೇರೆ. ಶಾಂತಾದುರ್ಗೆಯನ್ನು ತಡಮಾಡಿಸಿದರೆ ಮಹಾಲಕ್ಷ್ಮಿ ತನಗೇ. ಆದರೆ ಇದೇ ಬುದ್ಧಿ ಭಾವಮೈದುನನಿಗೂ ಹೊಳೆದಿದ್ದರೆ? ಆ ಬೆಳಿಗ್ಗೆ ತಿಮ್ಮಿ ಇಬ್ಬರಿಗೂ ರೊಟ್ಟಿ ಕಟ್ಟಿಕೊಟ್ಟಳು. ಯಾರಿಗೂ ಗೆದ್ದು ಬಾ ಎನ್ನಲಿಲ್ಲ.

ಬೇರೆಯವರ ದೋಣಿಯ ಚುಕ್ಕಾಣಿಗೆ ಕೈಹಾಕುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರಲ್ಲಿ ರೂಢಿ. ಶನಿಯಾರ ಒತ್ತಿಕೊಂಡ. ಅಲ್ಲೇ ಅವನು ಕೆಟ್ಟ. ಅಳಿವೆ ದಾಟಿ ಮೂಡುಗಾಳಿ ಹಾಯಿಗೆ ತುಂಬಿದ್ದೇ ಅವನ ಕೈ ಅವನ ಮಾತು ಕೇಳದಾಯಿತು. ಹಗ್ಗ ಸಡಿಲ ಬಿಡಬೇಕೆಂದುಕೊಂಡರೆ ಬೆರಳು ಬಿಗಿ ಮಾಡುತ್ತವೆ. ಭಜನೆಯಲ್ಲಿ ಬೇಕೆಂದೇ ತಾಳ ತಪ್ಪಿಸು ಎಂದರೆ ಹೇಗೋ ಹಾಗೆ.

ಅಷ್ಟರಲ್ಲಿ ಇನ್ನೊಂದು ಗೊತ್ತಾಯಿತು. ದೋಣಿ ಎಡಕ್ಕೆ ಎಳೆಯುತ್ತಿತ್ತು. ಸ್ವಲ್ಪ ಕೈ ಬಿಟ್ಟರೆ ನೆಲದ ಕಡೆಗೆ, ಬಂಡೆಗಳ ಕಡೆಗೆ ಮೂತಿ. ಅಡಿಮರವೇ ಸೊಟ್ಟ. ಮಹಾಲಕ್ಷ್ಮಿಯಲ್ಲಿ ಚುಕ್ಕಾಣಿಗೆ ಹಗ್ಗ ಸುತ್ತಿ, ಉಂಡು, ಬೀಡಿ ಸೇದಿ, ಒಂದು ಕಣ್ಣು ಮುಚ್ಚಿಯೂ ಹೋಗಬಹುದು. ಇಲ್ಲಿ ರೊಟ್ಟಿ ಬಿಚ್ಚಲೂ ಪುರುಸೊತ್ತಿಲ್ಲ. ಶಾಂತಾದುರ್ಗೆಯಲ್ಲಿ ಶಾಂತಿಯ ಸುಳಿವಿಲ್ಲ, ಇದ್ದುದೆಲ್ಲ ದುರ್ಗೆಯೇ. ಕಾಯ್ಕಿಣಿಯ ತೆಂಗುಗಳು ಕಾಣುವಷ್ಟರಲ್ಲಿ ಅವನ ಎಡಭುಜಕ್ಕೆ ಬೆಂಕಿ ಬಿದ್ದಂತಾಗಿತ್ತು. ಆಧಾರಕ್ಕೆ ಹಿಮ್ಮಡಿ ಒತ್ತಿದರೆ ಹಲಗೆಯಲ್ಲಿ ಒಂದು ಗುಳಿ. ಬಗ್ಗಿ ನೋಡಿದ. ದೇವುವಿನ ಹಿಮ್ಮಡಿ ವರ್ಷಗಟ್ಟಲೆ ಒತ್ತಿ ಒತ್ತಿ ಸವೆದ ಗುಳಿ. ಶನಿಯಾರನ ಹಿಮ್ಮಡಿ ಅದರಲ್ಲಿ ಸರಿಯಾಗಿ ಕೂತಿತು.

ಖಲಾಸಿ ಸುಬ್ಬನನ್ನು ಕೇಳಿದ, ಇದು ಮೊದಲಿಂದ ಹೀಗೆಯೋ ಎಂದು. ಮೊದಲಿಂದಲೂ ಹೀಗೇ ಅಂದ ಸುಬ್ಬ. ಧಣಿಗೆ ಹೇಳಿದರೆ ದೋಣಿ ಒಡೆಸಿಬಿಟ್ಟಾರು, ಖಲಾಸಿಗಳ ಗಂಜಿ ಹೋದೀತು ಎಂದು ದೇವು ಯಾರಿಗೂ ಬಾಯಿಬಿಟ್ಟಿರಲಿಲ್ಲವಂತೆ.

ಭಟ್ಕಳ ಬಂದರಿನಲ್ಲಿ ಧಣಿಗಳು ನಿಂತಿದ್ದರು. ಎರಡು ದೋಣಿಯ ಒಡೆಯರಾಗಿಯೂ ಬಸ್ಸಿನಲ್ಲಿ ಬಂದಿದ್ದರು. ಮಹಾಲಕ್ಷ್ಮಿ ಯಾವಾಗಲೋ ಬಂದು ಅರ್ಧ ಸರಕು ಇಳಿಸಿತ್ತು; ದೇವು ಅದನ್ನು ಒಂದಿಷ್ಟೂ ತಡಮಾಡಿಸಿರಲಿಲ್ಲ. ಅವನೇ ಬಂದು ಹಗ್ಗ ಹಿಡಿದುಕೊಂಡ. ಮುಖದಲ್ಲಿ ಕಪಟವೂ ಇರಲಿಲ್ಲ, ಬೇಸರವೂ ಇರಲಿಲ್ಲ.

"ಭಾವ, ನಿನ್ನ ದೋಣಿ ತಂತಾನೇ ಹೋಗ್ತದೆ ಮಾರಾಯ," ಅಂದ. "ನಂಗೆ ಕೈಗೆ ಎಂತ ಕೆಲಸ ಕೊಡೂದು ಅಂತ್ಲೇ ತಿಳೀಲಿಲ್ಲ."

ಶನಿಯಾರನಿಗೆ ಕೈ ಎತ್ತಿ ಬೆವರೊರೆಸಲೂ ಆಗುತ್ತಿರಲಿಲ್ಲ. ಗೆದ್ದಾಗಿತ್ತು, ಸುಮ್ಮನಿದ್ದರೆ ಸಾಕಿತ್ತು. ಮಹಾಲಕ್ಷ್ಮಿಯೇ ಉಳಿಯಲಿ, ನೀನೂ ಉಳಿ ಎಂದು ಧಣಿಗಳು ಹೇಳಿಯೂ ಆಯಿತು. ದೇವು ತಲೆ ಕೆಳಗೆ ಹಾಕಿ ಹಗ್ಗ ಸುತ್ತುತ್ತಿದ್ದ.

"ಧಣೀ," ಅಂದ ಶನಿಯಾರ, "ದೋಣಿ ನಂದು ಚಲೋ. ತಾಂಡೇಲ ಅವ ಚಲೋ. ಈ ಸೊಟ್ಟ ಮಚ್ವೆ ಇಷ್ಟು ವರ್ಷ ನನ್ನ ಕೈಲಿದ್ದಿದ್ರೆ ಯಾವತ್ತೋ ಬಂಡೆ ಮೇಲೆ ಇರ್ತಿತ್ತು."

ಒಂದು ದೋಣಿಗೆ ಇಬ್ಬರು ತಾಂಡೇಲರು ಆಗದಲ್ಲವೋ ಎಂದರು ಧಣಿಗಳು.

"ಬ್ಯಾಡ. ಚುಕ್ಕಾಣಿ ಅವಂಗೆ ಕೊಡಿ. ನಾ ಹಾಯಿ ಹಗ್ಗಕ್ಕೆ ನಿಲ್ತೇನೆ."

ದೇವು ಆಗದು ಅಂದ, ಅಕ್ಕ ಬಯ್ಯುತ್ತಾಳೆ ಅಂದ, ದೊಡ್ಡವನ ಮೇಲೆ ಹುಕುಂ ಮಾಡುವುದು ಹೇಗೆ ಅಂದ. ಧಣಿಗಳು ಇಬ್ಬರನ್ನೂ ನೋಡಿ, ಆತು, ನಿಮ್ಮ ಮನೆ ಪಂಚಾಯ್ತಿ ನೀವೇ ಮಾಡಿಕೊಳ್ಳಿ, ನನಗೆ ಕೊನೇ ಬಸ್ಸು ತಪ್ಪುತ್ತದೆ ಎಂದು ಹೊರಟರು.

ಮಾರನೆಯ ದಿನ, ಶಾಂತಾದುರ್ಗೆಯನ್ನು ಮಾರಾಟಕ್ಕೆಂದು ಭಟ್ಕಳದಲ್ಲೇ ಬಿಟ್ಟು, ಖಾಲಿ ಮಹಾಲಕ್ಷ್ಮಿ ಹೊನ್ನಾವರಕ್ಕೆ ಹೊರಟಿತು. ದೇವು ಚುಕ್ಕಾಣಿ ಹಿಡಿದಿದ್ದ, ಶನಿಯಾರ ಹಗ್ಗದ ಹತ್ತಿರ ನಿಂತಿದ್ದ. ಗಾಳಿ ತಿರುಗಿತು. ಹಾಯಿ ತಿರುಗಿಸಬೇಕಾದ ಹೊತ್ತು ಬಂತು, ದಾಟತೊಡಗಿತು. ತಾಂಡೇಲ ಹೇಳದೆ ಹಗ್ಗ ಮುಟ್ಟುವ ಹಾಗಿಲ್ಲ. ದೇವು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ಶನಿಯಾರ ತಿರುಗಿ ನೋಡಲಿಲ್ಲ. ಹಾಯಿ ಪಟಪಟ ಹೊಡೆದುಕೊಳ್ಳುತ್ತಿದ್ದರೂ ಕೈಕಟ್ಟಿ ನಿಂತೇ ಇದ್ದ.

"ಭಾವ," ಎಂದಿತು ಹಿಂದಿನಿಂದ ಬಲು ಸಣ್ಣ ದನಿ, "ಹಾಯಿ ತಿರುಗ್ಸು."

"ಆತು ತಾಂಡೇಲಾ," ಎಂದು ಶನಿಯಾರ ಹಗ್ಗಕ್ಕೆ ಕೈಹಾಕಿದ.